ಫ್ಯಾಕ್ಟರಿ ಕ್ಯಾಮೆರಾದ ಎಕ್ಸ್‌ಪೋಶರ್, ಫ್ರೇಮ್ ರೇಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಪೀಣ್ಯ, ಬೊಮ್ಮಸಂದ್ರ, ಹಾರೋಹಳ್ಳಿ. ಲೈನಿನಲ್ಲಿ ಓಡುವ ಮಾಲನ್ನು ತಪಾಸಣೆ ಮಾಡುವ ಕ್ಯಾಮೆರಾ ಕೂರಿಸುವ ಕೆಲಸಕ್ಕೆ ಎಲ್ಲಿಗೆ ಹೋದರೂ ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು ಬರುತ್ತವೆ. ಫೋನಿನಲ್ಲಿ, ವಾಟ್ಸಾಪಿನಲ್ಲಿ ಬಿಡಿಬಿಡಿಯಾಗಿ ಹೇಳಿ ಹೇಳಿ ಸಾಕಾಗಿ ಎಲ್ಲವನ್ನೂ ಇಲ್ಲಿ ಒಟ್ಟು ಹಾಕಿದ್ದೇನೆ. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ.

ಲೆಕ್ಕ ಬಂದ ಕಡೆಯೆಲ್ಲ ಒಂದೇ ಉದಾಹರಣೆ. ಕನ್ವೇಯರ್ ಮೇಲೆ ಬಾಟಲಿಗಳು ಸೆಕೆಂಡಿಗೆ 600 ಮಿಲಿಮೀಟರ್ ವೇಗದಲ್ಲಿ ಹೋಗುತ್ತಿವೆ. ಒಂದರಿಂದ ಇನ್ನೊಂದಕ್ಕೆ 150 ಮಿಮೀ ದೂರ. ಕ್ಯಾಮೆರಾ ಕಪ್ಪು-ಬಿಳುಪು, 5 ಮೆಗಾಪಿಕ್ಸೆಲ್, ಅಂದರೆ 2448 × 2048. ಒಳಗಿರುವುದು ಸೋನಿಯ ಐಎಂಎಕ್ಸ್ 264 ಸೆನ್ಸರ್ (ಬೆಳಕು ಹಿಡಿಯುವ ಚಿಪ್). ಗಿಗಾಬಿಟ್ ಈಥರ್ನೆಟ್ ಕೇಬಲ್. ಚಿತ್ರದ ಅಗಲದಲ್ಲಿ 120 ಮಿಮೀ ಜಾಗ ಕಾಣುತ್ತದೆ.

## ಶುರುವಿನ ಪ್ರಶ್ನೆಗಳು

ಎಕ್ಸ್‌ಪೋಶರ್ ಟೈಮು, ಫ್ರೇಮ್ ರೇಟು ಎರಡೂ ಒಂದೇ ಅಲ್ವಾ ಸರ್?

ಅಲ್ಲ. ಒಂದು ಚಿತ್ರಕ್ಕೆ ಸೆನ್ಸರ್ ಎಷ್ಟು ಹೊತ್ತು ಬೆಳಕು ಹಿಡಿಯುತ್ತದೆ ಅನ್ನುವುದು ಎಕ್ಸ್‌ಪೋಶರ್. ಸೆಕೆಂಡಿಗೆ ಎಷ್ಟು ಚಿತ್ರ, ಅಂದರೆ ಫ್ರೇಮ್, ಬರುತ್ತವೆ ಅನ್ನುವುದು ಫ್ರೇಮ್ ರೇಟ್. ಬಸ್ ಸ್ಟಾಪನ್ನು ನೆನಪಿಸಿಕೊಳ್ಳಿ. ಬಸ್ಸಿನ ಬಾಗಿಲು ಎಷ್ಟು ಹೊತ್ತು ತೆರೆದಿರುತ್ತದೆ ಅನ್ನುವುದು ಎಕ್ಸ್‌ಪೋಶರ್. ಗಂಟೆಗೆ ಎಷ್ಟು ಬಸ್ ಬರುತ್ತವೆ ಅನ್ನುವುದು ಫ್ರೇಮ್ ರೇಟ್. ಅರ್ಧ ನಿಮಿಷ ಬಾಗಿಲು ತೆರೆದು ಹೊರಡುವ ಬಸ್ಸು ಗಂಟೆಗೆ ಒಂದೇ ಬರಬಹುದು, ಇಪ್ಪತ್ತೂ ಬರಬಹುದು.

ಎಕ್ಸ್‌ಪೋಶರ್ ಎಷ್ಟಿರಬೇಕು ಅಂತ ತೀರ್ಮಾನ ಮಾಡುವುದು ವಸ್ತುವಿನ ವೇಗ ಮತ್ತು ನಿಮ್ಮಲ್ಲಿರುವ ಬೆಳಕು. ಫ್ರೇಮ್ ರೇಟ್ ಎಷ್ಟರವರೆಗೆ ಹೋಗಬಹುದು ಅಂತ ಹೇಳುವುದು ಸೆನ್ಸರ್ ಮತ್ತು ಕೇಬಲ್. ಕೆಳಗಿನ ಅರ್ಧಕ್ಕರ್ಧ ಪ್ರಶ್ನೆಗಳು ಇವೆರಡನ್ನು ಒಂದೇ ಗಂಟಿಗೆ ಕಟ್ಟಿದ್ದರಿಂದ ಹುಟ್ಟಿದವು.

ಎಕ್ಸ್‌ಪೋಶರ್ 10 ಮಿಲಿಸೆಕೆಂಡ್ ಇಟ್ಟಿದ್ದೀನಿ. ಹಾಗಾದ್ರೆ ಸೆಕೆಂಡಿಗೆ 100 ಫ್ರೇಮ್ ಬರಬೇಕಲ್ಲ?

10 ಮಿಲಿಸೆಕೆಂಡ್ ಇಟ್ಟರೆ 100ಕ್ಕಿಂತ ಜಾಸ್ತಿ ಬರಲು ಸಾಧ್ಯವಿಲ್ಲ, ಅಷ್ಟೇ. ನೂರು ಬಂದೇ ಬರುತ್ತದೆ ಅಂತ ಅಲ್ಲ. ಬೆಳಕು ತುಂಬಿಸಿಕೊಂಡ ಮೇಲೆ ಸೆನ್ಸರ್ ಆ ಚಿತ್ರವನ್ನು ಸಾಲು ಸಾಲಾಗಿ ಓದಿ ಹೊರಗೆ ಹಾಕಬೇಕು. ಐಎಂಎಕ್ಸ್ 264 ಪೂರ್ತಿ ಚಿತ್ರವನ್ನು ಓದಲು ಸುಮಾರು 28 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಆದ್ದರಿಂದ ಅದರ ಗರಿಷ್ಠ ಮಿತಿ ಸೆಕೆಂಡಿಗೆ ಸುಮಾರು 35 ಫ್ರೇಮ್. ಎಕ್ಸ್‌ಪೋಶರ್ 10 ಇದ್ದರೂ ಅಷ್ಟೇ, 0.1 ಇದ್ದರೂ ಅಷ್ಟೇ.

ಎಕ್ಸ್‌ಪೋಶರನ್ನು 40 ಮಿಲಿಸೆಕೆಂಡಿಗೆ ಏರಿಸಿದಿರಿ ಅನ್ನಿ. ಆಗ ಅದೇ ಅಡ್ಡ ಬಂದು ರೇಟ್ 25ಕ್ಕೆ ಇಳಿಯುತ್ತದೆ.

ಲೇಬಲ್ ಅಕ್ಷರ ಎಲ್ಲ ಎಳೆದ ಹಾಗೆ ಮಸುಕಾಗಿ ಬರ್ತಿದೆ. ಎಕ್ಸ್‌ಪೋಶರ್ ಎಷ್ಟು ಇಡಲಿ?

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಅಂದಾಜಿನಲ್ಲಿ ಕಡಿಮೆ ಮಾಡುತ್ತಾ ಹೋಗುವುದಕ್ಕಿಂತ ಒಂದು ಸಲ ಲೆಕ್ಕ ಹಾಕಿಬಿಡಿ, ಎರಡು ನಿಮಿಷದ ಕೆಲಸ.

ಒಂದು ಪಿಕ್ಸೆಲ್ ಎಷ್ಟು ಜಾಗ ನೋಡುತ್ತದೆ? 120 ಮಿಮೀ ಭಾಗಿಸು 2448, ಸುಮಾರು 0.049 ಮಿಮೀ. ಬಾಟಲಿ ಆ 0.049 ಮಿಮೀ ದಾಟಲು ಎಷ್ಟು ಹೊತ್ತು ಬೇಕು? 0.049 ಭಾಗಿಸು 600, ಸುಮಾರು 82 ಮೈಕ್ರೊಸೆಕೆಂಡ್. ಅಂದರೆ ಎಕ್ಸ್‌ಪೋಶರ್ 80 ಮೈಕ್ರೊಸೆಕೆಂಡ್ ಇಟ್ಟರೆ ಒಂದು ಪಿಕ್ಸೆಲ್‌ನಷ್ಟು ಮಾತ್ರ ಎಳೆಯುತ್ತದೆ. ದಿನಾಂಕ, ಬ್ಯಾಚ್ ನಂಬರ್ ಓದಲು ಇದು ಸಾಕು. ಅಳತೆ ತೆಗೆಯುವ ಕೆಲಸವಾದರೆ ಅದರ ಅರ್ಧ ಇಡಿ.

ಈಗ ಹಳೆಯ 10 ಮಿಲಿಸೆಕೆಂಡಿಗೆ ಇದೇ ಲೆಕ್ಕ ಹಾಕಿ ನೋಡಿ. ಅಷ್ಟು ಹೊತ್ತಿನಲ್ಲಿ ಬಾಟಲಿ 6 ಮಿಮೀ ಮುಂದೆ ಹೋಗಿರುತ್ತದೆ. 122 ಪಿಕ್ಸೆಲ್! ಅಕ್ಷರದ ಅಗಲವೇ ಅಷ್ಟಿರುವುದಿಲ್ಲ. ಲೆನ್ಸ್ ಫೋಕಸ್ ತಿರುಗಿಸಿ ತಿರುಗಿಸಿ ಸುಸ್ತಾದವರನ್ನು ನೋಡಿದ್ದೇನೆ, ಪಾಪ. ಪತ್ತೆಗೆ ಒಂದು ಸುಲಭ ದಾರಿ ಇದೆ. ಅಡ್ಡ ಗೆರೆಗಳು ಚೂಪಾಗಿದ್ದು ಉದ್ದ ಗೆರೆಗಳು ಮಾತ್ರ ಮಸುಕಾಗಿದ್ದರೆ ಅದು ಚಲನೆಯ ಮಸುಕು. ಎರಡೂ ಮಸುಕಾಗಿದ್ದರೆ ಫೋಕಸ್ ನೋಡಿ.

80 ಮೈಕ್ರೊಸೆಕೆಂಡ್ ಇಟ್ಟೆ, ಚಿತ್ರ ಪೂರ್ತಿ ಕಪ್ಪು. ಗೇನ್ ಏರಿಸಿದ್ರೆ ಆಗಲ್ವಾ?

10 ಮಿಲಿಸೆಕೆಂಡಿನಿಂದ 80 ಮೈಕ್ರೊಸೆಕೆಂಡಿಗೆ ಇಳಿದರೆ ಬೆಳಕು 125ರಲ್ಲಿ ಒಂದು ಪಾಲಾಗುತ್ತದೆ. ಗೇನ್ ಅಂದರೆ ಸೆನ್ಸರ್ ಕೊಟ್ಟ ಸಿಗ್ನಲ್ಲನ್ನು ಹಿಗ್ಗಿಸುವ ಸೆಟ್ಟಿಂಗ್. ಗೇನ್‌ನಲ್ಲಿ 6 ಡೆಸಿಬಲ್ ಏರಿಸಿದರೆ ಎರಡು ಪಟ್ಟು. ಪೂರ್ತಿ ಗೇನ್‌ನಿಂದಲೇ ತುಂಬಿಸಲು 42 ಡೆಸಿಬಲ್ ಬೇಕು. ಅಷ್ಟು ಏರಿಸಿದರೆ ಚಿತ್ರದ ಮೇಲೆ ಮರಳು ಚೆಲ್ಲಿದ ಹಾಗೆ ಕಾಣುತ್ತದೆ. ಗೇನ್ ಹೊಸ ಬೆಳಕನ್ನು ತರುವುದಿಲ್ಲ. ಇದ್ದಿದ್ದನ್ನು ನಾಯ್ಸ್ (ಆ ಮರಳು) ಸಮೇತ ಹಿಗ್ಗಿಸುತ್ತದೆ.

ಮೊದಲು ಲೈಟ್ ಹೆಚ್ಚಿಸಿ, ಹತ್ತಿರ ತನ್ನಿ. ಆಮೇಲೆ ಲೆನ್ಸಿನ ಐರಿಸ್ (ಬೆಳಕು ಒಳಗೆ ಬಿಡುವ ಕಿಂಡಿ) ತೆರೆಯಿರಿ. ಎಫ್ 4ರಿಂದ ಎಫ್ 2.8ಕ್ಕೆ ಬಂದರೆ ಬೆಳಕು ಎರಡು ಪಟ್ಟಾಗುತ್ತದೆ, ಆದರೆ ಫೋಕಸ್ ಆಗುವ ಆಳ ಕಡಿಮೆಯಾಗುತ್ತದೆ. ದುಂಡಗಿನ ಬಾಟಲಿಯ ಅಂಚುಗಳು ಫೋಕಸ್ ತಪ್ಪಬಹುದು. ಗೇನ್ ಕೊನೆಗೆ. ಅದೂ 6, ಹೆಚ್ಚೆಂದರೆ 12 ಡೆಸಿಬಲ್. ಬಜೆಟ್ ಮಾಡುವಾಗ ಕ್ಯಾಮೆರಾಕ್ಕೆ ದುಡ್ಡೆಲ್ಲ ಹಾಕಿ ಲೈಟಿಗೆ ಚಿಲ್ಲರೆ ಇಡುವುದು ನಮ್ಮಲ್ಲಿ ಮಾಮೂಲು. ನನ್ನನ್ನು ಕೇಳಿದರೆ ಲೈಟಿಗೆ ಮೊದಲು ಎತ್ತಿಡಿ.

ಫೋನಲ್ಲಿ ಎಲ್ಲ ಆಟೋ. ಇಷ್ಟು ದುಬಾರಿ ಕ್ಯಾಮೆರಾದಲ್ಲಿ ಆಟೋ ಎಕ್ಸ್‌ಪೋಶರ್ ಯಾಕೆ ಬೇಡ ಅಂತೀರಾ?

ಇದೆ, ಆದರೆ ಲೈನ್ ಓಡುವಾಗ ಬೇಡ. ಒಂದು ಬಾಟಲಿಗೆ ಬಿಳಿ ಲೇಬಲ್, ಮುಂದಿನದಕ್ಕೆ ಲೇಬಲ್ಲೇ ಇಲ್ಲ. ಆಟೋ ಪ್ರತಿ ಸಲವೂ ಎಕ್ಸ್‌ಪೋಶರ್ ಬದಲಿಸುತ್ತದೆ, ಅದೂ ಒಂದೆರಡು ಫ್ರೇಮ್ ತಡವಾಗಿ. ನಿಮ್ಮ ಸಾಫ್ಟ್‌ವೇರ್ 'ಇಷ್ಟು ಬೆಳ್ಳಗಿದ್ದರೆ ಸರಿ' ಅಂತ ಅಳೆಯುತ್ತಿದ್ದರೆ ಆ ಅಳತೆಗೋಲೇ ಅಲುಗಾಡುತ್ತಿರುತ್ತದೆ. ಮೋಡ ಕವಿದ ಮಧ್ಯಾಹ್ನ ಆಟೋ ಸದ್ದಿಲ್ಲದೆ 5 ಮಿಲಿಸೆಕೆಂಡಿಗೆ ಏರಿ ಎಲ್ಲವನ್ನೂ ಮಸುಕು ಮಾಡುವುದೂ ಉಂಟು. ಸೆಟಪ್ ಮಾಡುವಾಗ 'ಒನ್ಸ್' ಅಂತ ಒಂದು ಸಲ ಓಡಿಸಿ, ಬಂದ ಅಂಕಿ ನೋಡಿಕೊಂಡು ಆಫ್ ಮಾಡಿ.

ಕರೆಂಟ್ ಹೋಗಿ ಬಂದ್ರೆ ಸೆಟ್ಟಿಂಗ್ ಎಲ್ಲ ಹಳೇದಕ್ಕೆ ಹೋಗುತ್ತೆ. ಕ್ಯಾಮೆರಾ ಕೆಟ್ಟಿದ್ಯಾ?

ಕೆಟ್ಟಿಲ್ಲ. ನೀವು ಬದಲಿಸಿದ್ದು ಕ್ಯಾಮೆರಾದ ತಾತ್ಕಾಲಿಕ ಮೆಮೊರಿಯಲ್ಲಿತ್ತು. ಅದನ್ನು 'ಯೂಸರ್ ಸೆಟ್' ಆಗಿ ಸೇವ್ ಮಾಡಬೇಕು. ಆಮೇಲೆ ಆನ್ ಆದಾಗ ಆ ಸೆಟ್ ಲೋಡ್ ಆಗಲಿ ಅಂತಲೂ ಹೇಳಬೇಕು. ಎರಡನೆಯದನ್ನು ಎಲ್ಲರೂ ಮರೆಯುತ್ತಾರೆ.

## ಸ್ವಲ್ಪ ಒಳಗೆ ಹೋದರೆ

ರೋಲಿಂಗ್ ಶಟರ್ ಅಗ್ಗಕ್ಕೆ ಸಿಗುತ್ತೆ. ಗ್ಲೋಬಲ್ ಶಟರ್ ಬೇಕೇ ಬೇಕಾ?

ವಸ್ತು ನಿಂತಿದ್ದರೆ ಬೇಡ, ಸುಮ್ನೆ ದುಡ್ಡು ದಂಡ. ಓಡುತ್ತಿದ್ದರೆ ಬೇಕು.

ಗ್ಲೋಬಲ್ ಶಟರ್‌ನಲ್ಲಿ ಎಲ್ಲ ಸಾಲುಗಳೂ ಒಟ್ಟಿಗೆ ಬೆಳಕು ಹಿಡಿಯಲು ಶುರು ಮಾಡಿ ಒಟ್ಟಿಗೆ ನಿಲ್ಲಿಸುತ್ತವೆ. ರೋಲಿಂಗ್‌ನಲ್ಲಿ ಮೇಲಿನ ಸಾಲು ಮೊದಲು, ಕೆಳಗಿನದು ಕೊನೆಗೆ. ಮೊದಲ ಸಾಲಿಗೂ ಕೊನೆಯ ಸಾಲಿಗೂ 20 ಮಿಲಿಸೆಕೆಂಡ್ ವ್ಯತ್ಯಾಸ ಇದ್ದರೆ ನಮ್ಮ ಬಾಟಲಿ ಅಷ್ಟರಲ್ಲಿ 12 ಮಿಮೀ ಸರಿದಿರುತ್ತದೆ. ನೆಟ್ಟಗಿರುವ ಬಾಟಲಿ ವಾಲಿದ ಹಾಗೆ ಕಾಣುತ್ತದೆ. ಎಕ್ಸ್‌ಪೋಶರ್ ಎಷ್ಟು ಕಡಿಮೆ ಮಾಡಿದರೂ ಈ ವಾಲುವುದು ಹೋಗುವುದಿಲ್ಲ. ಚಿತ್ರ ಚೂಪಾಗಿ ವಾಲುತ್ತದೆ, ಅಷ್ಟೇ. ನಿಮ್ಮ ಕ್ಯಾಮೆರಾ ಯಾವುದು ಅಂತ ಗೊತ್ತಿಲ್ಲದಿದ್ದರೆ ಓಡುವ ಸೀಲಿಂಗ್ ಫ್ಯಾನ್ ಕಡೆ ತಿರುಗಿಸಿ. ರೆಕ್ಕೆ ಬಾಳೆಹಣ್ಣಿನ ಹಾಗೆ ಬಾಗಿದರೆ ರೋಲಿಂಗ್.

ಟ್ಯೂಬ್‌ಲೈಟ್ ಕೆಳಗೆ ಚಿತ್ರ ಒಂದು ಸಲ ಬೆಳ್ಳಗೆ, ಒಂದು ಸಲ ಕಪ್ಪಗೆ ಬರುತ್ತೆ. ಯಾಕೆ?

ನಮ್ಮ ಕರೆಂಟು 50 ಹರ್ಟ್ಜ್. ಲೈಟು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ, ಅಂದರೆ 10 ಮಿಲಿಸೆಕೆಂಡಿಗೊಮ್ಮೆ. ಕಣ್ಣಿಗೆ ಕಾಣುವುದಿಲ್ಲ, 80 ಮೈಕ್ರೊಸೆಕೆಂಡಿನ ಎಕ್ಸ್‌ಪೋಶರ್‌ಗೆ ಚೆನ್ನಾಗಿ ಕಾಣುತ್ತದೆ. ಒಂದು ಫ್ರೇಮು ಬೆಳಕಿನ ತುದಿಯಲ್ಲಿ ಬೀಳುತ್ತದೆ, ಇನ್ನೊಂದು ತಳದಲ್ಲಿ. ಅಗ್ಗದ ಎಲ್‌ಇಡಿ ಬಲ್ಬುಗಳಲ್ಲೂ ಇದೇ ಕತೆ.

ಎಕ್ಸ್‌ಪೋಶರ್ 10 ಅಥವಾ 20 ಮಿಲಿಸೆಕೆಂಡ್ ಇಟ್ಟರೆ ಪೂರ್ತಿ ಏರಿಳಿತ ಒಳಗೆ ಬಂದು ಸಮ ಆಗುತ್ತದೆ. ನಿಂತ ವಸ್ತುವಿಗೆ ಇದೇ ಸುಲಭದ ದಾರಿ. ಓಡುವ ಲೈನಿಗೆ ಡಿಸಿಯಲ್ಲಿ ಉರಿಯುವ ಎಲ್‌ಇಡಿ ಹಾಕಿ, ಮೇಲಿನ ಟ್ಯೂಬ್‌ಲೈಟ್ ಬೆಳಕು ಬೀಳದ ಹಾಗೆ ಒಂದು ಮುಚ್ಚಿಗೆ ಮಾಡಿ.

ಒಬ್ಬರು ಜಾಣತನ ಮಾಡಿ ಫ್ರೇಮ್ ರೇಟನ್ನು ಸರಿಯಾಗಿ 25 ಮಾಡಿದ್ದರು. ಪ್ರತಿ ಫ್ರೇಮೂ ಬೆಳಕಿನ ಅದೇ ಜಾಗದಲ್ಲಿ ಬೀಳುತ್ತದೆ ಅಂತ. ಮಿನುಗುವುದು ನಿಂತಿತು. ಆದರೆ ಚಿತ್ರ ನಿಧಾನವಾಗಿ ಬೆಳ್ಳಗಾಗಿ ನಿಧಾನವಾಗಿ ಕಪ್ಪಾಗಲು ಶುರುವಾಯಿತು, ಉಸಿರಾಡಿದ ಹಾಗೆ. ಕಾರಣ ಗ್ರಿಡ್. ಅದರ ಫ್ರೀಕ್ವೆನ್ಸಿ ನಮ್ಮಲ್ಲಿ 49.90ರಿಂದ 50.05ರ ಒಳಗೆ ಇರಬೇಕು ಅನ್ನುವುದು ನಿಯಮ, ಅಂದರೆ ಆ ಪಟ್ಟಿಯೊಳಗೆ ಓಲಾಡುತ್ತಲೇ ಇರುತ್ತದೆ. ಕರೆಂಟು 49.95 ಇದ್ದರೆ ಲೈಟು 99.9. ನೂರಕ್ಕೂ ಅದಕ್ಕೂ 0.1 ವ್ಯತ್ಯಾಸ, ಹತ್ತು ಸೆಕೆಂಡಿಗೆ ಒಂದು ಉಸಿರು.

ಸೆನ್ಸರ್ 35 ಫ್ರೇಮ್ ಕೊಡುತ್ತೆ ಅಂದ್ರಿ. ನನಗೆ 23ರ ಮೇಲೆ ಹೋಗ್ತಾನೇ ಇಲ್ಲ.

ಕೇಬಲ್ ತುಂಬಿದೆ. ಗಿಗಾಬಿಟ್ ಅಂದರೆ ಸೆಕೆಂಡಿಗೆ 125 ಮೆಗಾಬೈಟ್. ಡೇಟಾ ಪ್ಯಾಕೆಟ್ಟುಗಳ ಹೆಡರ್, ನಡುವಿನ ಗ್ಯಾಪ್ ಎಲ್ಲ ಕಳೆದು ಚಿತ್ರಕ್ಕೆ ಉಳಿಯುವುದು ಸುಮಾರು 115. ನಮ್ಮ ಒಂದು ಚಿತ್ರ 8 ಬಿಟ್‌ನಲ್ಲಿ 5 ಮೆಗಾಬೈಟ್. 115 ಭಾಗಿಸು 5, ಅದೇ 23. ಇದೇ ಸೆನ್ಸರನ್ನು ಯುಎಸ್‌ಬಿ 3 ಕ್ಯಾಮೆರಾದಲ್ಲಿ ಕೊಂಡರೆ 35 ಸಿಗುತ್ತದೆ, ಅಲ್ಲಿ ಪೈಪು ದೊಡ್ಡದು. ಆದರೆ ಯುಎಸ್‌ಬಿ ಕೇಬಲ್ ಕೆಲವೇ ಮೀಟರ್, ಈಥರ್ನೆಟ್ 100 ಮೀಟರ್ ಹೋಗುತ್ತದೆ.

ಯಾರಾದರೂ ಪಿಕ್ಸೆಲ್ ಫಾರ್ಮ್ಯಾಟನ್ನು 12 ಬಿಟ್‌ಗೆ ಬದಲಿಸಿದ್ದಾರಾ ಅಂತಲೂ ನೋಡಿ. ಪ್ಯಾಕ್ ಮಾಡಿದ (ಖಾಲಿ ಬಿಟ್ ಬಿಡದೆ ಒತ್ತಾಗಿ ತುಂಬಿದ) 12 ಬಿಟ್ ಆದರೆ ರೇಟ್ 15ಕ್ಕೆ, ಪ್ಯಾಕ್ ಮಾಡದ್ದಾದರೆ 11ಕ್ಕೆ ಇಳಿಯುತ್ತದೆ. ಎರಡು ಕ್ಯಾಮೆರಾ ಒಂದೇ ಸ್ವಿಚ್ ಮೂಲಕ ಒಂದೇ ಕೇಬಲ್ಲಿನಲ್ಲಿ ಕಂಪ್ಯೂಟರಿಗೆ ಬರುತ್ತಿದ್ದರೆ ಆ 115ನ್ನು ಇಬ್ಬರೂ ಹಂಚಿಕೊಳ್ಳಬೇಕು.

ಚಿತ್ರ ಚಿಕ್ಕದು ಮಾಡಿದ್ರೆ ಸ್ಪೀಡ್ ಆಗುತ್ತೆ ಅಂದ್ರು. ಅಗಲ ಕಡಿಮೆ ಮಾಡ್ತಾ ಹೋದೆ, 35ಕ್ಕೆ ನಿಂತುಬಿಡ್ತು.

ನಿಮಗೆ ಎರಡು ಗೋಡೆಗಳಿದ್ದವು. ಅಗಲ ಕಡಿಮೆ ಮಾಡಿದಾಗ ಡೇಟಾ ಕಡಿಮೆಯಾಗಿ ಕೇಬಲ್ಲಿನ ಗೋಡೆ ಹಿಂದೆ ಸರಿಯಿತು. 1600 × 2048 ಆಗುವಷ್ಟರಲ್ಲಿ ಚಿತ್ರ 3.3 ಮೆಗಾಬೈಟ್, ರೇಟ್ 35. ಅಲ್ಲಿ ಸೆನ್ಸರಿನ ಗೋಡೆ ಸಿಕ್ಕಿತು. ಇಂಥ ಸೆನ್ಸರ್‌ಗಳಲ್ಲಿ ಒಂದು ಸಾಲನ್ನು ಓದಲು ಹಿಡಿಯುವ ಹೊತ್ತು ಬಹುಮಟ್ಟಿಗೆ ಒಂದೇ, ಸಾಲು ಗಿಡ್ಡವಿದ್ದರೂ ಉದ್ದವಿದ್ದರೂ. ಸಾಲುಗಳ ಲೆಕ್ಕ ಇಳಿಸಿದರೆ ಮಾತ್ರ ಅದು ಬೇಗ ಮುಗಿಸುತ್ತದೆ.

ಆದ್ದರಿಂದ ಎತ್ತರ ಕತ್ತರಿಸಿ. 1024 ಸಾಲು ಮಾಡಿದರೆ ಸೆನ್ಸರ್ 70ರ ಹತ್ತಿರ ಹೋಗುತ್ತದೆ. ಲೇಬಲ್ ಉದ್ದುದ್ದ ಇದ್ದು ಅಗಲ ಕಡಿಮೆ ಇದ್ದರೆ? ಕ್ಯಾಮೆರಾವನ್ನೇ 90 ಡಿಗ್ರಿ ತಿರುಗಿಸಿ ಕೂರಿಸಿ. ಬ್ರಾಕೆಟಿಗೆ ಎರಡು ತೂತು ಹೊಡೆಯುವ ಖರ್ಚು, ಅಷ್ಟೇ.

ಫ್ರೇಮ್ ರೇಟ್ ಬಾಕ್ಸಲ್ಲಿ 10 ಅಂತ ಹಾಕಿದ್ರೂ 23ರಲ್ಲೇ ಓಡುತ್ತೆ.

ಪಕ್ಕದಲ್ಲಿ 'ಫ್ರೇಮ್ ರೇಟ್ ಎನೇಬಲ್' ಅಂತ ಒಂದು ಟಿಕ್ ಇರುತ್ತದೆ. ಅದಿಲ್ಲದಿದ್ದರೆ ಕ್ಯಾಮೆರಾ ನಿಮ್ಮ ಅಂಕಿಯನ್ನು ಕಡೆಗಣಿಸಿ ಕೈಲಾದಷ್ಟು ಓಡುತ್ತದೆ. ನಿಜವಾಗಿ ಎಷ್ಟು ಬರುತ್ತದೆ ಅಂತ ನೋಡಲು 'ರಿಸಲ್ಟಿಂಗ್ ಫ್ರೇಮ್ ರೇಟ್' ಓದಿ. ನೀವು ಹಾಕಿದ್ದು ಗರಿಷ್ಠ ಮಿತಿ ಮಾತ್ರ.

## ಟ್ರಿಗರ್, ಸ್ಟ್ರೋಬ್ ಮತ್ತು ಮುಂದಿನದು

ನಮ್ಮ ಲೈನ್ ತುಂಬಾ ಫಾಸ್ಟ್ ಸರ್, 100 ಫ್ರೇಮ್ ಕ್ಯಾಮೆರಾ ಕೊಡಿ.

ಎಷ್ಟು ಫಾಸ್ಟ್? 600 ಭಾಗಿಸು 150, ಸೆಕೆಂಡಿಗೆ 4 ಬಾಟಲಿ. ಬಾಟಲಿಗೊಂದು ಚಿತ್ರ ಅಂದರೆ ನಿಮಗೆ ಬೇಕಾಗಿರುವುದು ಸೆಕೆಂಡಿಗೆ 4 ಫ್ರೇಮ್! 100 ಅಲ್ಲ. ವೇಗದ ಸಮಸ್ಯೆಯನ್ನು ಬಿಡಿಸುವುದು 80 ಮೈಕ್ರೊಸೆಕೆಂಡಿನ ಎಕ್ಸ್‌ಪೋಶರ್. ಸರಿಯಾದ ಕ್ಷಣಕ್ಕೆ ಕ್ಲಿಕ್ ಮಾಡಿಸುವುದು ಟ್ರಿಗರ್.

ಫ್ರೀ ರನ್‌ನಲ್ಲಿ (ಟ್ರಿಗರ್ ಇಲ್ಲದೆ ಕ್ಯಾಮೆರಾ ತನ್ನಷ್ಟಕ್ಕೆ ಓಡುವಾಗ) 23 ಫ್ರೇಮ್ ಓಡಿಸಿದರೆ ಎರಡು ಚಿತ್ರಗಳ ನಡುವೆ ಬಾಟಲಿ 26 ಮಿಮೀ ಹೋಗಿರುತ್ತದೆ. ಒಂದೇ ಬಾಟಲಿ ನಾಲ್ಕೈದು ಚಿತ್ರದಲ್ಲಿ ಬರುತ್ತದೆ, ಒಂದರಲ್ಲೂ ನಡುವಿಗೆ ಬರದೇ ಇರಬಹುದು. ಆಮೇಲೆ ಯಾವುದನ್ನು ಎಣಿಸಬೇಕು ಅಂತ ಸಾಫ್ಟ್‌ವೇರ್ ಬರೆಯುವವರ ತಲೆ ಕೆಡುತ್ತದೆ. ಬಾಟಲಿ ಬೆಳಕಿನ ಕಿರಣಕ್ಕೆ ಅಡ್ಡ ಬಂದಾಗ ಸಿಗ್ನಲ್ ಕೊಡುವ ಫೋಟೋ ಸೆನ್ಸರ್ ಹಾಕಿ ಟ್ರಿಗರ್ ಮೋಡ್ ಆನ್ ಮಾಡಿ.

ಟ್ರಿಗರ್ ಇದೆ. ಆದ್ರೂ ಬಾಟಲಿ ಒಂದೊಂದು ಚಿತ್ರದಲ್ಲಿ ಒಂದೊಂದು ಕಡೆ ಬರುತ್ತೆ.

ಸಿಗ್ನಲ್ ಯಾವ ದಾರಿಯಲ್ಲಿ ಬರುತ್ತಿದೆ? ಫೋಟೋ ಸೆನ್ಸರ್, ಅಲ್ಲಿಂದ ಪಿಎಲ್‌ಸಿ (ಲೈನನ್ನು ನಡೆಸುವ ಕಂಟ್ರೋಲರ್), ಅಲ್ಲಿಂದ ಕ್ಯಾಮೆರಾ ಅಂತಾದರೆ ಪಿಎಲ್‌ಸಿಯ ಸ್ಕ್ಯಾನ್ ಟೈಮ್, ಅಂದರೆ ಅದು ತನ್ನ ಕೆಲಸದ ಒಂದು ಸುತ್ತು ಮುಗಿಸುವ ಹೊತ್ತು, ನಡುವೆ ಕೂತಿರುತ್ತದೆ. ಸ್ಕ್ಯಾನ್ 10 ಮಿಲಿಸೆಕೆಂಡ್ ಇದ್ದರೆ ಸಿಗ್ನಲ್ ಒಂದು ಸಲ ತಕ್ಷಣ ಹೋಗುತ್ತದೆ, ಒಂದು ಸಲ 10 ಮಿಲಿಸೆಕೆಂಡ್ ಕಾಯುತ್ತದೆ. 6 ಮಿಮೀ ಓಲಾಟ ಅಲ್ಲೇ ಬಂತು. ಕಂಪ್ಯೂಟರಿನಿಂದ ಸಾಫ್ಟ್‌ವೇರ್ ಟ್ರಿಗರ್ ಕಳಿಸಿದರೂ ಇದೇ ಪಾಡು, ವಿಂಡೋಸ್ ತನಗೆ ಬಿಡುವಾದಾಗ ಕಳಿಸುತ್ತದೆ.

ಫೋಟೋ ಸೆನ್ಸರಿನ ವೈರನ್ನು ನೇರವಾಗಿ ಕ್ಯಾಮೆರಾದ ಇನ್‌ಪುಟ್ಟಿಗೆ ಕೊಡಿ. ಕ್ಯಾಮೆರಾದ ಆಪ್ಟೊ ಇನ್‌ಪುಟ್ (ಒಳಗೆ ಬೆಳಕಿನ ಮೂಲಕ ಸಿಗ್ನಲ್ ದಾಟಿಸುವಂಥದ್ದು) ತಡ ಮಾಡುವುದು ಮೈಕ್ರೊಸೆಕೆಂಡ್ ಲೆಕ್ಕದಲ್ಲಿ. 20 ಮೈಕ್ರೊಸೆಕೆಂಡಿಗೆ ಬಾಟಲಿ ಸರಿಯುವುದು 0.012 ಮಿಮೀ, ಮರೆತುಬಿಡಿ. ಬಾಟಲಿಯನ್ನು ನಡುವಿಗೆ ತರಲು ಟ್ರಿಗರ್ ಡಿಲೇ ಬಳಸಿ. ಕನ್ವೇಯರ್ ವೇಗ ಆಗಾಗ ಬದಲಾಗುವುದಾದರೆ ಡಿಲೇಯನ್ನು ಸಮಯದಲ್ಲಿ ಲೆಕ್ಕ ಹಾಕದೆ ಎನ್‌ಕೋಡರ್ (ಬೆಲ್ಟ್ ಎಷ್ಟು ಸರಿಯಿತು ಅಂತ ಎಣಿಸುವ ಸಾಧನ) ಎಣಿಕೆಯಲ್ಲಿ ಹಾಕಿ.

ಬಾಟಲಿ ಸಾವಿರ ಹೋಯ್ತು, ಚಿತ್ರ ಸಾವಿರಕ್ಕಿಂತ ಜಾಸ್ತಿ ಬಂದಿದೆ. ದೆವ್ವ ಕ್ಲಿಕ್ ಮಾಡ್ತಾ?

ಈ ದೆವ್ವ ನನಗೂ ಕಾಡಿದೆ. ಒಂದು ಜ್ಯೂಸ್ ಲೈನಿನಲ್ಲಿ ಎರಡು ದಿನ ಸಾಫ್ಟ್‌ವೇರ್ ಜಾಲಾಡಿದೆ. ಮೂರನೆಯ ದಿನ ಸುಮ್ನೆ ಕನ್ವೇಯರ್ ಪಕ್ಕ ಸ್ಟೂಲ್ ಹಾಕಿಕೊಂಡು ಫೋಟೋ ಸೆನ್ಸರಿನ ಕಿತ್ತಳೆ ದೀಪವನ್ನೇ ನೋಡುತ್ತಾ ಕೂತೆ. ತುಂಬಿದ ಬಾಟಲಿಗೆ ಒಂದು ಸಲ ಮಿಣುಕ್. ಖಾಲಿ ಬಾಟಲಿ ಬಂದಾಗ ಮಿಣುಕ್ ಮಿಣುಕ್, ಎರಡು ಸಲ. ಪಾರದರ್ಶಕ ಬಾಟಲಿಯ ಮುಂದಿನ ಅಂಚು ಬೆಳಕನ್ನು ತಡೆಯುತ್ತದೆ, ನಡುವೆ ಬೆಳಕು ತೂರಿ ಹೋಗುತ್ತದೆ, ಹಿಂದಿನ ಅಂಚು ಮತ್ತೆ ತಡೆಯುತ್ತದೆ. ಎರಡು ಅಂಚು, ಎರಡು ಟ್ರಿಗರ್. ಪಾರದರ್ಶಕ ವಸ್ತುಗಳಿಗೆಂದೇ ಮಾಡಿದ ಸೆನ್ಸರ್ ಹಾಕಿದ ಮೇಲೆ ಲೆಕ್ಕ ಸರಿಹೋಯಿತು.

ಇನ್ನೊಂದು ಜಾತಿಯ ದೆವ್ವವೂ ಇದೆ. ಪಕ್ಕದಲ್ಲಿ ಮೋಟರ್ ಆನ್-ಆಫ್ ಮಾಡುವ ಕಾಂಟ್ಯಾಕ್ಟರ್ ಬಡಿದಾಗಲೆಲ್ಲ ಒಂದು ಚಿತ್ರ ಬರುತ್ತದೆ. ಅದು ವೈರಿನಲ್ಲಿ ಬಂದ ಕಿಡಿ. ಅದಕ್ಕೆ ಕ್ಯಾಮೆರಾದ ಲೈನ್ ಡಿಬೌನ್ಸರ್ ಸಾಕು, ಉದಾಹರಣೆಗೆ 50 ಮೈಕ್ರೊಸೆಕೆಂಡ್. ಅದಕ್ಕಿಂತ ಚಿಕ್ಕ ಪಲ್ಸನ್ನು ಕ್ಯಾಮೆರಾ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಟ್ರಿಗರ್ ಅಷ್ಟು ತಡವೂ ಆಗುತ್ತದೆ, ನೆನಪಿರಲಿ. ಬಾಟಲಿ ಅಂಚಿನ ದೆವ್ವಕ್ಕೆ ಡಿಬೌನ್ಸರ್ ನಾಟುವುದಿಲ್ಲ, ಆ ಪಲ್ಸುಗಳು ಅಷ್ಟು ಚಿಕ್ಕವಲ್ಲ.

ಚಿತ್ರ ಕಡಿಮೆ ಬಂದ್ರೆ? ಸಾವಿರ ಬಾಟಲಿಗೆ 990.

ಎರಡು ಕಾರಣಗಳನ್ನು ಬೇರೆ ಮಾಡಿಕೊಳ್ಳಿ. ಕ್ಯಾಮೆರಾ ತೆಗೆಯಲೇ ಇಲ್ಲವೋ, ತೆಗೆದದ್ದು ದಾರಿಯಲ್ಲಿ ಬಿತ್ತೋ? ಪ್ರತಿ ಚಿತ್ರದ ಜತೆ ಒಂದು ಫ್ರೇಮ್ ಕ್ರಮಸಂಖ್ಯೆ ಬರುತ್ತದೆ. 41, 42, 44 ಅಂತ ನಡುವೆ ಹಾರಿದ್ದರೆ ನೆಟ್‌ವರ್ಕಿನಲ್ಲಿ ಬಿದ್ದಿದೆ. ಜಂಬೊ ಫ್ರೇಮ್ (ಇದು ಚಿತ್ರವಲ್ಲ, ನೆಟ್‌ವರ್ಕಿನ ದೊಡ್ಡ ಪ್ಯಾಕೆಟ್) ಆನ್ ಮಾಡಿ, ಕ್ಯಾಮೆರಾಕ್ಕೆ ಪ್ರತ್ಯೇಕ ನೆಟ್‌ವರ್ಕ್ ಕಾರ್ಡ್ ಕೊಡಿ. ಕ್ರಮಸಂಖ್ಯೆ ಸರಿ ಇದ್ದೂ ಲೆಕ್ಕ ಕಡಿಮೆ ಇದ್ದರೆ ಟ್ರಿಗರ್ ಬಂದಾಗ ಕ್ಯಾಮೆರಾ ಹಿಂದಿನದರಲ್ಲೇ ಮುಳುಗಿತ್ತು. ಅಂಥ ಟ್ರಿಗರನ್ನು ಅದು ಸದ್ದಿಲ್ಲದೆ ಕೈಬಿಡುತ್ತದೆ.

ಓವರ್‌ಲ್ಯಾಪ್ ಅಂತ ಒಂದು ಆಯ್ಕೆ ಇದೆ. ಏನದು?

ಇಡ್ಲಿ ಪಾತ್ರೆಗೆ ಎರಡು ಸೆಟ್ ತಟ್ಟೆ ಇದ್ದ ಹಾಗೆ. ಬೆಂದ ತಟ್ಟೆಯಿಂದ ಇಡ್ಲಿ ತೆಗೆಯುತ್ತಿರುವಾಗಲೇ ಇನ್ನೊಂದು ಒಲೆಯ ಮೇಲೆ ಬೇಯುತ್ತಿರುತ್ತದೆ. ಗ್ಲೋಬಲ್ ಶಟರ್ ಸೆನ್ಸರ್‌ನಲ್ಲಿ ಪ್ರತಿ ಪಿಕ್ಸೆಲ್ ಒಳಗೂ ಹಳೆಯ ಚಿತ್ರ ಇಟ್ಟುಕೊಳ್ಳಲು ಪುಟ್ಟ ಜಾಗ ಇರುತ್ತದೆ. ಅದನ್ನು ಓದುತ್ತಿರುವಾಗಲೇ ಹೊಸ ಎಕ್ಸ್‌ಪೋಶರ್ ಶುರು ಮಾಡಬಹುದು. ಎಕ್ಸ್‌ಪೋಶರ್ 10, ಓದುವುದು 28 ಮಿಲಿಸೆಕೆಂಡ್ ಇದ್ದಾಗ ಓವರ್‌ಲ್ಯಾಪ್ ಇಲ್ಲದೆ ಸೆನ್ಸರ್ ಕೊಡುವುದು 26 ಫ್ರೇಮ್, ಇದ್ದರೆ 35. ನಮ್ಮ 80 ಮೈಕ್ರೊಸೆಕೆಂಡಿಗೆ ಇದರಿಂದ ಹೇಳಿಕೊಳ್ಳುವಂಥ ಲಾಭ ಇಲ್ಲ.

ಸ್ಟ್ರೋಬ್ ಹಾಕಿದ್ರೆ ಎಕ್ಸ್‌ಪೋಶರ್ ಎಷ್ಟಿಟ್ರೂ ನಡೆಯುತ್ತಾ?

ಸ್ಟ್ರೋಬ್ ಅಂದರೆ ಕ್ಷಣ ಮಾತ್ರ ಮಿಂಚುವ ಲೈಟ್. ಸುತ್ತ ಕತ್ತಲಿದ್ದರೆ ನಡೆಯುತ್ತದೆ. ಶಟರ್ 500 ಮೈಕ್ರೊಸೆಕೆಂಡ್ ತೆರೆದಿದ್ದರೂ ಬೆಳಕು 50 ಮೈಕ್ರೊಸೆಕೆಂಡ್ ಮಾತ್ರ ಮಿಂಚಿದರೆ ಸೆನ್ಸರ್‌ಗೆ ಕಂಡದ್ದು ಆ 50 ಮಾತ್ರ. ಕಿಟಕಿಯ ಬಿಸಿಲು ಒಳಗೆ ಬಂದರೆ ಈ ಲೆಕ್ಕ ಕೆಡುತ್ತದೆ. ಚೂಪಾದ ಚಿತ್ರದ ಮೇಲೆ ಒಂದು ಮಸುಕು ನೆರಳು ಕೂರುತ್ತದೆ. ಆದ್ದರಿಂದ ಎಕ್ಸ್‌ಪೋಶರನ್ನು ಮಿಂಚಿಗಿಂತ ಸ್ವಲ್ಪವೇ ಜಾಸ್ತಿ ಇಡಿ.

ಅಷ್ಟು ಚಿಕ್ಕ ಮಿಂಚಾದ್ದರಿಂದ ಎಲ್‌ಇಡಿಗೆ ಅದರ ಮಾಮೂಲಿ ಕರೆಂಟಿಗಿಂತ ಹಲವು ಪಟ್ಟು ಕೊಡಬಹುದು. ಅದಕ್ಕೆ ಸ್ಟ್ರೋಬ್ ಕಂಟ್ರೋಲರ್ ಬೇಕು, ಲೈಟ್ ತಯಾರಕರು ಹೇಳಿದ ಮಿತಿಯನ್ನು ದಾಟಬಾರದು. ಮಿಂಚಿಸುವ ಸಿಗ್ನಲ್ ಕ್ಯಾಮೆರಾದ 'ಎಕ್ಸ್‌ಪೋಶರ್ ಆಕ್ಟಿವ್' ಔಟ್‌ಪುಟ್ಟಿನಿಂದ ಬರಲಿ, ಎಕ್ಸ್‌ಪೋಶರ್ ನಡೆಯುವಷ್ಟು ಹೊತ್ತು ಆನ್ ಇರುವ ಸಿಗ್ನಲ್ ಅದು. ರೋಲಿಂಗ್ ಶಟರ್ ಆದರೆ ಎಲ್ಲ ಸಾಲುಗಳೂ ತೆರೆದಿರುವ ಗಳಿಗೆಯಲ್ಲೇ ಮಿಂಚಬೇಕು. ಇಲ್ಲದಿದ್ದರೆ ಚಿತ್ರದಲ್ಲಿ ಒಂದು ಪಟ್ಟಿ ಮಾತ್ರ ಬೆಳಗುತ್ತದೆ.

ಎರಡು ಕ್ಯಾಮೆರಾ ಒಂದೇ ಕ್ಷಣಕ್ಕೆ ಕ್ಲಿಕ್ ಆಗಬೇಕು. ಹೇಗೆ?

ಹತ್ತಿರ ಹತ್ತಿರ ಇದ್ದರೆ ಒಂದೇ ಟ್ರಿಗರ್ ವೈರನ್ನು ಎರಡಕ್ಕೂ ಕೊಡಿ. ಇದಕ್ಕಿಂತ ಗಟ್ಟಿ ದಾರಿ ಇಲ್ಲ. ದೂರ ಇದ್ದರೆ ಐಇಇಇ 1588, ಅಂದರೆ ಪಿಟಿಪಿ. ನೆಟ್‌ವರ್ಕ್ ಮೂಲಕವೇ ಕ್ಯಾಮೆರಾಗಳ ಗಡಿಯಾರ ಹೊಂದಿಸಿ, ಇಂಥ ಹೊತ್ತಿಗೆ ಕ್ಲಿಕ್ ಮಾಡಿ ಅಂತ ಮೊದಲೇ ಹೇಳಿಡುವುದು. ಎರಡಕ್ಕೂ ಒಂದೇ ಫ್ರೇಮ್ ರೇಟ್ ಹಾಕಿ ಫ್ರೀ ರನ್ ಬಿಟ್ಟರೆ ಸಾಲದು. ಎರಡು ಕೈಗಡಿಯಾರಗಳ ಹಾಗೆ ಅವು ದಿನ ಕಳೆದಂತೆ ಬೇರೆ ಬೇರೆಯಾಗುತ್ತವೆ.

ಲೈನ್ ಸ್ಕ್ಯಾನ್ ಕ್ಯಾಮೆರಾಕ್ಕೂ ಇದೇ ಲೆಕ್ಕನಾ?

ಒಂದೊಂದೇ ಗೆರೆ ತೆಗೆದು ಚಿತ್ರ ಕಟ್ಟುವ ಕ್ಯಾಮೆರಾ ಅದು. ಅದೇ ಲೆಕ್ಕ, ಆದರೆ ಅಲ್ಲಿ ಎಕ್ಸ್‌ಪೋಶರ್‌ಗೂ ರೇಟಿಗೂ ನಿಜವಾಗಿಯೂ ಜಗಳ ಇದೆ. 600 ಮಿಮೀ ವೇಗಕ್ಕೆ 0.05 ಮಿಮೀಗೊಂದು ಗೆರೆ ಬೇಕಾದರೆ ಸೆಕೆಂಡಿಗೆ 12,000 ಗೆರೆ. ಒಂದು ಗೆರೆಗೆ ಸಿಗುವುದು 83 ಮೈಕ್ರೊಸೆಕೆಂಡ್, ಎಕ್ಸ್‌ಪೋಶರ್ ಅದರೊಳಗೇ ಮುಗಿಯಬೇಕು. ಎನ್‌ಕೋಡರ್ ಇಲ್ಲದೆ ಕೈಹಾಕಬೇಡಿ. ಕನ್ವೇಯರ್ ನಿಧಾನವಾದರೆ ಬಾಟಲಿ ಉದ್ದವಾಗುತ್ತದೆ, ಜೋರಾದರೆ ಗಿಡ್ಡವಾಗುತ್ತದೆ.

ಸಾಫ್ಟ್‌ವೇರ್ 80 ಅಂತ ತೋರಿಸುತ್ತೆ. ನಿಜವಾಗಲೂ 80 ಇದೆ ಅಂತ ನಂಬೋದು ಹೇಗೆ?

ಆಸಿಲೊಸ್ಕೋಪ್ (ಸಿಗ್ನಲ್ಲನ್ನು ಪರದೆಯಲ್ಲಿ ಗೆರೆಯಾಗಿ ತೋರಿಸುವ ಉಪಕರಣ) ತನ್ನಿ. 'ಎಕ್ಸ್‌ಪೋಶರ್ ಆಕ್ಟಿವ್' ಅನ್ನು ಒಂದು ಔಟ್‌ಪುಟ್ ಲೈನಿಗೆ ಹಾಕಿ, ಅಲ್ಲಿ ಪ್ರೋಬ್ ಹಿಡಿಯಿರಿ. ಆಪ್ಟೊ ಔಟ್‌ಪುಟ್ ಆದರೆ ಪಲ್ಸಿನ ಅಂಚು ತುಸು ಸೋಮಾರಿಯಾಗಿರುತ್ತದೆ, ಆದ್ದರಿಂದ ಆಪ್ಟೊ ಇಲ್ಲದ ಜಿಪಿಐಒ (ನೇರ ಇನ್‌ಪುಟ್-ಔಟ್‌ಪುಟ್ ಪಿನ್) ಇದ್ದರೆ ಅಲ್ಲೇ ಅಳೆಯಿರಿ. ಇನ್ನೊಂದು ಚಾನೆಲ್ಲಿನಲ್ಲಿ ಫೋಟೋ ಸೆನ್ಸರ್ ಹಾಕಿದರೆ ಟ್ರಿಗರ್ ಎಷ್ಟು ತಡ, ಎಷ್ಟು ಓಲಾಟ ಎಲ್ಲ ಒಂದೇ ಪರದೆಯಲ್ಲಿ ಕಾಣುತ್ತದೆ. ಫ್ರೇಮ್ ರೇಟನ್ನು ಮಾತ್ರ ಕಂಪ್ಯೂಟರಿನ ಗಡಿಯಾರದಲ್ಲಿ ಅಳೆಯಬೇಡಿ. ಚಿತ್ರದ ಜತೆ ಕ್ಯಾಮೆರಾ ಕಳಿಸುವ ಟೈಮ್‌ಸ್ಟ್ಯಾಂಪ್ ನೋಡಿ.

ಒಮ್ಮೆ ಹೀಗೆ ಪ್ರೋಬ್ ಹಿಡಿದಾಗ 80ರ ಜಾಗದಲ್ಲಿ ಸರಿಯಾಗಿ 10,000 ಮೈಕ್ರೊಸೆಕೆಂಡಿನ ಪಲ್ಸ್ ಬಂತು. ರಾತ್ರಿ ಕರೆಂಟ್ ಹೋಗಿತ್ತು. ಯೂಸರ್ ಸೆಟ್ ಸೇವ್ ಮಾಡದೆ ಮನೆಗೆ ಹೋದವನು ನಾನೇ.